ಸ್ವೀಡನ್ ಪಾರ್ಲಿಮೆಂಟು ನಮ್ಮ ಮೆಸ್ಸಿಗೆ ಬಂದದ್ದು

"ಸಾರಿಗೆ ಉಪ್ಪು ಹಾಕಿ ಆಗಿದೆ, ನೀವು ಮತ್ತೆ ಹಾಕ್ಬೇಡಿ."

ನನ್ನ ಹೆಂಡತಿ ನನಗೆ ಕಡೆಯದಾಗಿ ಹೇಳಿದ್ದು ಇಷ್ಟೆ. ಆಂಬುಲೆನ್ಸಿನವರು ಬಾಗಿಲಲ್ಲಿ ನಿಂತಿದ್ದರು. ಅವಳು ಮತ್ತೆ ಬರಲಿಲ್ಲ.

ದುಬೈಯ ರಾಸ್ ಅಲ್ ಖೋರ್ ಹತ್ತಿರ ನಮ್ಮ ಫ್ಲಾಟು. ಅಲ್ಲಿ ಅವಳು ಊರ ಕಡೆಯ ಎಂಟು ಜನರಿಗೆ ಮೆಸ್ ನಡೆಸುತ್ತಿದ್ದಳು. ಅವಳು ಹೋದ ಮೇಲೆ ನಾನೇ ಬೇಯಿಸಿದೆ. ನಾನು ಡ್ರೈವರ್. ರುಚಿ ಕೇಳಬೇಡಿ. ಆದರೆ ಮೆಸ್ ಮುಚ್ಚಿದರೆ ಸಂಜೆ ನನ್ನ ಬಾಗಿಲು ತಟ್ಟುವವರು ಯಾರೂ ಇಲ್ಲ. ಅದಕ್ಕೆ ಬಿಡಲಿಲ್ಲ. ಎಂಟು ಜನ ಒಟ್ಟಿಗೆ ಉಣ್ಣುವಲ್ಲಿ ದಿನಕ್ಕೊಂದು ತಮಾಷೆ ಇದ್ದದ್ದೇ. ಸಾವಿನ ಮನೆ ಅಂತ ಅದು ಹೊರಗೆ ನಿಲ್ಲುವುದಿಲ್ಲ.

ರೈತರ ಜಾಗ

ನನ್ನ ಸಾಹೇಬರು ಸ್ವೀಡನ್ನಿನವರು. ಆಫೀಸು ಸಿಲಿಕಾನ್ ಓಯಸಿಸ್‌ನಲ್ಲಿ. ಅಬುಧಾಬಿಗೆ ಹೋಗುವಾಗ ಮುಂದಿನ ಸೀಟಲ್ಲೇ ಕೂರುತ್ತಾರೆ. ದಾರಿಯುದ್ದ ಅವರ ಪಾರ್ಲಿಮೆಂಟಿನ ಕಥೆ. ನೂರಾರು ವರ್ಷ ಹಿಂದೆಯೇ ಜಮೀನ್ದಾರರು, ಪಾದ್ರಿಗಳು, ವ್ಯಾಪಾರಿಗಳ ಜೊತೆ ರೈತರಿಗೂ ಅಲ್ಲಿ ಜಾಗ ಇತ್ತಂತೆ.

ನಾನು ನಾಲ್ಕನೇ ಕ್ಲಾಸು. ಅಪ್ಪ ಗೇಣಿ ಒಕ್ಕಲು. ಕಾರು ಸ್ವಲ್ಪ ನಿಧಾನ ಮಾಡಿದೆ.

"ರೈತರಿಗೆ ಮಾತಾಡ್ಲಿಕ್ಕೆ ಬಿಡ್ತಿದ್ರಾ ಸರ್?"

"ಬಿಡ್ತಿದ್ದರು. ನಿಲ್ಲಿಸುವುದೇ ಕಷ್ಟ ಇತ್ತು" ಅಂದರು.

ಊರಿನ ಪ್ರಕಾರ ಕೂರುವುದು

ಮೆಸ್ಸಿನಲ್ಲಿ ಎರಡು ಪಾರ್ಟಿ ಆಯಿತು. ಮುಚ್ಚಬೇಕು ಅನ್ನುವವರು ಒಂದು ಸಾಲು, ಬೇಡ ಅನ್ನುವವರು ಎದುರು ಸಾಲು. ಮುಚ್ಚುವ ಪಾರ್ಟಿಗೆ ಗ್ಯಾರೇಜಿನಲ್ಲಿ ಕೆಲಸದ ಬ್ಯಾರಿ ಮುಸ್ಲಿಮರೊಬ್ಬರು ಲೀಡರ್, ನಮಗೆಲ್ಲ ಅವರು ಬ್ಯಾರಿಗಳು.

"ಅಕ್ಕನ ಒಲೆ ಮುಂದೆ ಅಣ್ಣ ನಿಂತದ್ದು ನೋಡ್ಲಿಕ್ಕೆ ಆಗುದಿಲ್ಲ. ಅನ್ನ ಗಂಟಲಲ್ಲಿ ನಿಲ್ತದೆ" ಅಂದರು.

ಎದುರು ಪಾರ್ಟಿಯ ಲೀಡರ್ ಆಸ್ಪತ್ರೆಯ ಕ್ಲರ್ಕು, ಕೊಂಕಣಿಯವರು. "ಬ್ಯಾರಿಗಳೇ, ಗಂಟಲಲ್ಲಿ ನಿಂತದ್ದು ದುಃಖ ಅಲ್ಲ, ಅಣ್ಣನ ಪಲ್ಯ" ಅಂದರು.

ಸಾಹೇಬರಿಗೆ ಹೇಳಿದೆ. ಅವರ ಪಾರ್ಲಿಮೆಂಟಿನಲ್ಲಿ ಪಾರ್ಟಿ ನೋಡಿ ಕೂರಿಸುವುದಿಲ್ಲವಂತೆ, ಊರು ನೋಡಿ. ಬೈದವನೂ ಬೈಸಿಕೊಂಡವನೂ ಅಕ್ಕಪಕ್ಕ. ಎಂಥ ಬುದ್ಧಿ ನೋಡಿ. ಆ ರಾತ್ರಿ ನಾನೂ ಹಾಗೇ ಎಲೆ ಹಾಕಿದೆ. ಬ್ಯಾರಿಗಳೂ ಕ್ಲರ್ಕೂ ಇಬ್ಬರೂ ಪುತ್ತೂರು. ತೊಡೆಗೆ ತೊಡೆ ತಾಗಿಸಿ ಕೂತರು.

ಮೆಸ್ಸಿನ ಜಗಳ ನಿಂತಿತು. ಪುತ್ತೂರು ಬಸ್ ಸ್ಟ್ಯಾಂಡಿನ ಹತ್ತಿರ ಯಾವ ಹೋಟೆಲಿನ ಬನ್ಸ್ ಒಳ್ಳೆಯದು ಅಂತ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ದೂರು ಕೇಳುವವರು

ಸರ್ಕಾರಿ ಆಫೀಸರರ ಮೇಲೆ ಜನ ದೂರು ಕೊಟ್ಟರೆ ವಿಚಾರಿಸಲಿಕ್ಕೆ ಆ ಪಾರ್ಲಿಮೆಂಟು ಬಹಳ ಹಿಂದೆಯೇ ಒಬ್ಬರನ್ನು ಇಟ್ಟಿತಂತೆ. ಅದನ್ನು ನೋಡಿ ಎಷ್ಟೋ ದೇಶಗಳು ಕಲಿತವಂತೆ. ನಾವೂ ಕಲಿತೆವು. ಕ್ಲರ್ಕನ್ನು ನೇಮಿಸಿದೆವು.

ಮೊದಲ ದೂರು ನನ್ನ ಮೀನು ಸಾರಿನ ಮೇಲೆ. ಕೊಟ್ಟವರು ಬ್ಯಾರಿಗಳು.

ಕ್ಲರ್ಕು ಸೌಟು ಹಿಡಿದು ರುಚಿ ನೋಡಿದರು. ಒಮ್ಮೆಗೆ ಗೊತ್ತಾಗಲಿಲ್ಲ ಅಂದರು. ಅನ್ನ ಹಾಕಿಸಿಕೊಂಡು ನೋಡಿದರು. ಬ್ಯಾರಿಗಳು, "ಎಂತ ಮಾರಾಯ್ರೇ, ತೀರ್ಪು?" ಅಂದರು.

"ತಾಳಿ, ಅಡಿಯಲ್ಲಿದ್ದದ್ದನ್ನೂ ನೋಡ್ಬೇಕು."

ಪಾತ್ರೆ ಖಾಲಿ ಆಯಿತು. ಸಾಕ್ಷಿ ಇಲ್ಲ ಅಂತ ಕೇಸು ಬಿಟ್ಟರು.

ಸಮ ಸಮ

ಕಡೆಗೂ ವೋಟು ಆಯಿತು. ಬೇಯಿಸುವವನಿಗೆ ವೋಟಿಲ್ಲ ಅಂದರು. ಒಪ್ಪಿದೆ. ಮುಚ್ಚಲಿಕ್ಕೆ ನಾಲ್ಕು, ಬೇಡ ಅಂತ ನಾಲ್ಕು.

ಸಾಹೇಬರ ಪಾರ್ಲಿಮೆಂಟಿಗೂ ಹಿಂದೊಮ್ಮೆ ಹೀಗೇ ಆಗಿತ್ತಂತೆ. ಎರಡು ಕಡೆಯೂ ಸರಿ ಅರ್ಧ. ವೋಟು ಸಮ ಬಂದಾಗೆಲ್ಲ ಚೀಟಿ ಎತ್ತಿ ಮುಗಿಸುತ್ತಿದ್ದರಂತೆ. ಯಾರೂ ಕುರ್ಚಿ ಎಸೆಯಲಿಲ್ಲ. ನನಗೆ ಅದೇ ದೊಡ್ಡದು ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಸಾಹೇಬರನ್ನೇ ಕರೆದೆ. ಬಂದರು. ಚಪ್ಪಲಿ ಹೊರಗೆ ಬಿಟ್ಟು ನೆಲದಲ್ಲಿ ಕೂತರು. ಚೊಂಬಿನಲ್ಲಿ ಎರಡು ಚೀಟಿ. ಕಣ್ಣು ಮುಚ್ಚಿ ಒಂದು ಎತ್ತಿದರು. ಕ್ಲರ್ಕು ಓದಿದರು.

"ಮುಚ್ಚಬೇಕು."

ನಾನು ಒಳಗೆ ಹೋಗಿ ಗ್ಯಾಸ್ ಆಫ್ ಮಾಡಿದೆ.

ಆಗ ಬ್ಯಾರಿಗಳು ಕೇಳಿದರು, "ಹಾಗಾದ್ರೆ ರಾತ್ರಿ ಊಟ ಎಲ್ಲಿ?"

"ಗೆದ್ದದ್ದು ನೀವಲ್ವಾ?" ಅಂದರು ಕ್ಲರ್ಕು.

"ಗೆಲ್ತೇವೆ ಅಂತ ಯಾರಿಗೆ ಗೊತ್ತಿತ್ತು ಮಾರಾಯ್ರೇ? ನಾಲ್ಕು ಮಾತು ಹೇಳುವ ಅಂತ ಹೇಳಿದ್ದು."

ಕ್ಲರ್ಕು ಸಾಹೇಬರಿಗೆ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿ, ನಿಮ್ಮಲ್ಲಿ ಆಮೇಲೆ ಏನು ಮಾಡಿದಿರಿ ಅಂತ ಕೇಳಿದರು. ಮುಂದಿನ ಚುನಾವಣೆಗೆ ಒಂದು ಸೀಟು ಕಮ್ಮಿ ಮಾಡಿದೆವು, ಮತ್ತೆ ಸಮ ಆಗಲೇ ಇಲ್ಲ, ಅಂದರು ಸಾಹೇಬರು.

ಬ್ಯಾರಿಗಳು ಎದ್ದು ನಿಂತರು. "ನನ್ನದು ಕಮ್ಮಿ ಮಾಡಿ. ವೋಟು ಮಾತ್ರ. ಎಲೆ ಅಲ್ಲ."

ಮತ್ತೆ ವೋಟು. ನಾಲ್ಕಕ್ಕೆ ಮೂರು. ಮೆಸ್ ಉಳಿಯಿತು. ಗ್ಯಾಸ್ ಹಚ್ಚಿದೆ.

ಸಾಹೇಬರು ನನ್ನ ಸಾರು ಬೆವರುತ್ತಾ ಉಂಡರು. ಕೈ ತೊಳೆದು ಬಂದು, ನನ್ನನ್ನೂ ಮೆಂಬರ್ ಮಾಡಿ ಅಂದರು.

ಬ್ಯಾರಿಗಳು ತಲೆ ಅಲ್ಲಾಡಿಸಿದರು. "ಬೇಡ ಸರ್. ಪುನಃ ಎಂಟು ಆಗ್ತದೆ. ಊಟಕ್ಕೆ ಮಾತ್ರ ಬನ್ನಿ."

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಒಂದು ಪಾವು ಕುಚ್ಚಲಕ್ಕಿ ಜಾಸ್ತಿ ತೊಳೆದಿಟ್ಟೆ.