ಗಂಡಸರ ಕಡೆ ಮಾತ್ರ

ಇಡೀ ರಾದ್ಧಾಂತಕ್ಕೆ ಮೂಲ ಒಂದು ಒದ್ದೆ ಚಡ್ಡಿ. ಅದನ್ನು ಯಾರೋ ಎಲ್ಲೋ ಒಣಹಾಕಿದ್ದರು, ಅಷ್ಟೇ. ಆದರೆ ಅದು ಯಾರ ಚಡ್ಡಿ, ಎಲ್ಲಿ ಒಣಗುತ್ತಿತ್ತು ಎಂಬುದು ತಿಹಾಮೇರ್‌ಗೆ ತಿಳಿಯುವ ಹೊತ್ತಿಗೆ ಮಧ್ಯಾಹ್ನ ಎರಡೂ ಕಾಲಾಗಿತ್ತು. ಆಗ ಅವನ ಮೈಮೇಲೂ ಒಂದು ಒದ್ದೆ ಚಡ್ಡಿ ಬಿಟ್ಟು ಬೇರೇನೂ ಇರಲಿಲ್ಲ.

ತಿಹಾಮೇರ್ ಕಂಪ್ಯೂಟರ್ ರಿಪೇರಿಯವನು. ಊರವರ ಬಾಯಲ್ಲಿ ಮೇಸ್ತ್ರಿ. ಪುರಸಭೆಯ ಬಿಸಿನೀರಿನ ಸ್ನಾನಗೃಹದ ಕಂಪ್ಯೂಟರನ್ನು ಇಪ್ಪತ್ತನಾಲ್ಕು ವರ್ಷ ನೋಡಿಕೊಂಡವನು. ಮುದಿ ಮಾವನನ್ನು ನೋಡಿಕೊಂಡಂತೆ, ಬೈದುಕೊಂಡೇ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಹಳೇ ಹಲ್ಲಿನಂತೆ ಹಳದಿಗಟ್ಟಿ ಕೂತಿದ್ದ ಆ ಡಬ್ಬಕ್ಕೆ ಎಲ್ಲರೂ ಚಕ್ರವರ್ತಿ ಎನ್ನುತ್ತಿದ್ದರು. ನಾಲ್ಕು ಮೇಯರ್‌ಗಳು ಬಂದು ಹೋದರೂ ಅದು ಮಾತ್ರ ಸಿಂಹಾಸನ ಬಿಟ್ಟಿರಲಿಲ್ಲ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಎಷ್ಟು ಹಳೆಯದೆಂದರೆ ಹೆತ್ತವರೇ ಎಂದೋ ಕೈತೊಳೆದುಕೊಂಡಿದ್ದರು. ಆದರೂ ಸ್ನಾನಕ್ಕೆ ಬಂದವರ ಬಟ್ಟೆಬರೆಯೆಲ್ಲ ಅದರ ಅಧೀನ. ಮಣಿಕಟ್ಟಿನ ರಬ್ಬರ್ ಪಟ್ಟಿಯನ್ನು ಲಾಕರಿಗೆ ತೋರಿಸಬೇಕು, ಲಾಕರು ಚಕ್ರವರ್ತಿಯನ್ನು ಕೇಳಬೇಕು, ಚಕ್ರವರ್ತಿ ಹೂಂ ಎಂದರೆ ಬಾಗಿಲು ತೆರೆಯಬೇಕು.

ಮದುವೆಯಾಗಿ ಇಪ್ಪತ್ತೈದು ವರ್ಷ, ಚಕ್ರವರ್ತಿ ಬಂದು ಇಪ್ಪತ್ತನಾಲ್ಕು. ಸುಖ ಕಂಡಿದ್ದು ಒಂದೇ ವರ್ಷ ಎಂದು ಹೆಂಡತಿ ಎಮೆಶೆ ಲೆಕ್ಕ ಹಾಕುತ್ತಿದ್ದಳು. ಮಗನ ನಾಮಕರಣದ ಕೇಕು ಕತ್ತರಿಸುವಾಗ ಫೋನು, ನಾದಿನಿಯ ಮದುವೆಯ ಕುಣಿತದ ನಡುವೆ ಫೋನು. ಆ ಕಟ್ಟಡದ ಹೊಸ್ತಿಲು ತುಳಿಯುವುದಿಲ್ಲವೆಂದು ಎಮೆಶೆ ಶಪಥವನ್ನೇ ಮಾಡಿದ್ದಳು. ಕೊನೆಗೆ ಕಳೆದ ತಿಂಗಳು ತಿಹಾಮೇರ್ ಕೆಲಸ ಬಿಟ್ಟ. ಮನೆಯಲ್ಲಿ ಮತ್ತೆ ಹಾಡು ಕೇಳಿಬಂತು.

"ಈ ಸಲ ಮಾರ್ಟಿನ್ ಹಬ್ಬಕ್ಕೆ ಬಾಲಟನ್ ಸರೋವರ," ಎಂದಳು ಎಮೆಶೆ. "ಹೆಬ್ಬಾತಿನ ಊಟ, ಹೊಸ ವೈನು. ಮೂರು ಹತ್ತರ ಟ್ರೇನು. ಅದು ತಪ್ಪಿದ್ರೆ ದಾರೀಲಿ ಬದಲಾಯಿಸೋ ಗಾಡಿ ಸಿಗಲ್ಲ. ನೀನು ಪ್ಲಾಟ್‌ಫಾರಂ ಮೇಲೆ ಇಲ್ಲ ಅಂದ್ರೆ ನಾನೊಬ್ಳೇ ಹತ್ತಿ ಹೋಗ್ತೀನಿ. ವಾಪಸ್ ಬರ್ತೀನೋ ಇಲ್ವೋ, ಅದನ್ನ ನಿನ್ನ ಚಕ್ರವರ್ತೀನೇ ಕೇಳ್ಕೋ. ಆ ಸ್ನಾನಗೃಹದ ಕಡೆ ತಲೆ ಹಾಕಿ ಕೂಡ ಮಲಗ್ಬೇಡ!"

ಹಬ್ಬದ ದಿನ ಹತ್ತು ಗಂಟೆಗೇ ಅವಳು ಪೆಟ್ಟಿಗೆ ಎತ್ತಿಕೊಂಡು ಹೊರಟಳು. "ಕೂದಲು ಸೆಟ್ ಮಾಡಿಸ್ಕೊಂಡು ಸೀದಾ ಸ್ಟೇಷನ್ನಿಗೆ ಬರ್ತೀನಿ."

ಅವಳು ಬೀದಿ ತಿರುಗಿದ್ದೇ ತಿಹಾಮೇರ್ ಸೊಂಟ ಹಿಡಿದುಕೊಂಡು ನರಳಿದ. ಹಿಂದಿನ ರಾತ್ರಿ ಅದೇ ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದಿತ್ತು. ಈ ಸೊಂಟದಲ್ಲಿ ನಾಲ್ಕು ಗಂಟೆ ಟ್ರೇನಿನಲ್ಲಿ ಕೂರುವುದುಂಟೇ? ಒಂದೇ ಗಂಟೆ ಬಿಸಿನೀರಿನಲ್ಲಿ ನೆನೆದು ಬಂದರೆ ಯಾರಿಗೆ ತಿಳಿದೀತು? ಕೆಲಸ ಬಿಟ್ಟಾಗ ಸ್ನಾನಗೃಹದವರು ಕೊಟ್ಟ ಉಚಿತ ಪಾಸುಗಳು ಮೇಜಿನ ಖಾನೆಯಲ್ಲಿದ್ದವು. ಎರಡಿದ್ದವೆಂದು ನೆನಪು. ತೆಗೆದು ನೋಡಿದರೆ ಒಂದೇ ಇತ್ತು. ವಯಸ್ಸಾಯಿತು, ಎಣಿಕೆ ತಪ್ಪುತ್ತಿದೆ ಎಂದುಕೊಂಡು ಅದನ್ನು ಜೇಬಿಗೆ ಹಾಕಿಕೊಂಡ. ಎರಡು ಟ್ರೇನ್ ಟಿಕೆಟ್ಟೂ ಅದೇ ಜೇಬಿನಲ್ಲಿದ್ದವು. ಆ ಜೇಬಿದ್ದ ಪ್ಯಾಂಟು ಹನ್ನೊಂದು ಗಂಟೆಗೆ ಗಂಡಸರ ಕಡೆಯ ನಲವತ್ತೊಂದನೇ ಲಾಕರು ಸೇರಿತು.

ಹನ್ನೆರಡೂವರೆಯವರೆಗೆ ಸ್ವರ್ಗ. ಗಂಡಸರ ಕೊಳದಲ್ಲಿ ತೇಲುವ ಬೆಂಡಿನ ಹಲಗೆಯ ಮೇಲೆ ಮುದುಕರು ಚದುರಂಗ ಆಡುತ್ತಿದ್ದರು. ಆವಿಯಲ್ಲಿ ಅವರ ತಲೆಗಳಷ್ಟೇ ಬೇಯಿಸಿದ ಮೊಟ್ಟೆಗಳ ಹಾಗೆ ಕಾಣುತ್ತಿದ್ದವು. ಅಷ್ಟರಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಒಂದು ಆರ್ಭಟ ಕೇಳಿತು.

"ಯಾವನೋ ಅದು ನನ್ನ ಹಲ್ಲು ಒಳಗಿಟ್ಕೊಂಡಿರೋನು!"

ಅದು ನಿವೃತ್ತ ಕಟುಕ ವೆಂದೆಲ್ ಬಾಚಿ. ಆ ಊರಲ್ಲಿ ವಯಸ್ಸಾದ ಗಂಡಸರಿಗೆಲ್ಲ ಬಾಚಿ, ಹೆಂಗಸರಿಗೆಲ್ಲ ನೇನಿ ಎನ್ನುವುದು ರೂಢಿ. ಬೊಚ್ಚುಬಾಯಿಯಲ್ಲೇ ಲಾಕರನ್ನು ಗುದ್ದುತ್ತಿದ್ದ. ಅವನ ಹಲ್ಲಿನ ಸೆಟ್ಟು ಒಳಗಿತ್ತು. ಒಬ್ಬನ ಲಾಕರೂ ತೆರೆಯುತ್ತಿರಲಿಲ್ಲ. ಎಪ್ಪತ್ತು ಗಂಡಸರು ಚಡ್ಡಿಯಲ್ಲಿ ನಿಂತು, ಸಂತೆಯಲ್ಲಿ ಬೆಲೆ ಕುದುರದ ಹೋರಿಗಳಂತೆ ಗುಟುರು ಹಾಕುತ್ತಿದ್ದರು. ಗೋಡೆಯಾಚೆ ಹೆಂಗಸರ ಕಡೆಯಿಂದ ಅದಕ್ಕೂ ಹೆಚ್ಚು ಜನರ ಕೂಗು. ಹೊರಗೆ ನವೆಂಬರಿನ ಮಂಜು, ಮೂಳೆ ಕೊರೆಯುವ ಗಾಳಿ.

ಸ್ನಾನಗೃಹದ ಡೈರೆಕ್ಟರ್ ಜೋಂಬೋರ್ ಟೈ ಕಟ್ಟಿಕೊಂಡು ಓಡಿ ಬಂದ. ಹೊಸಬ, ಇಡೀ ಕಟ್ಟಡದಲ್ಲಿ ಪೂರ್ತಿ ಬಟ್ಟೆ ತೊಟ್ಟ ಗಂಡಸು ಅವನೊಬ್ಬನೇ. ಅದಕ್ಕೇ ಎಲ್ಲರಿಗೂ ಅವನ ಮೇಲೆ ಇನ್ನಷ್ಟು ಸಿಟ್ಟು. ಕಂಪ್ಯೂಟರಿನ ಹೊಸ ಗುತ್ತಿಗೆಯವರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್‌ನಲ್ಲಿಟ್ಟ. ಕಾಯಿರಿ ಎಂದು ಹತ್ತು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಒಂದು ಹೆಣ್ಣುದನಿ, "ಯಾವ ವರ್ಷದ ಸಿಸ್ಟಂ ಸಾರ್?" ಎಂದು ಕೇಳಿತು. ಜೋಂಬೋರ್ ಹೇಳಿದ. ಆ ಕಡೆ ಕಿಸಕ್ಕನೆ ನಗು. "ನಾನು ಹುಟ್ಟಿದ್ದೇ ಆಮೇಲೆ ಸಾರ್!" ಲೈನು ಕಟ್.

"ಒಡೀರಿ ಬಾಗಿಲು!" ಎಂದ ವೆಂದೆಲ್ ಬಾಚಿ.

"ಪುರಸಭೆ ಆಸ್ತಿ! ಯಾರೂ ಮುಟ್ಟಕೂಡದು!" ಎಂದು ಕೊಳದಿಂದ ಎದ್ದು ಬಂದ ಪುರಸಭೆಯ ಮುಖ್ಯಾಧಿಕಾರಿ ಬರ್ತಲಾನ್. ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗತ್ತು ಮಾತ್ರ ಕಚೇರಿಯದೇ. "ಎಲ್ಲಾ ಲಾಕರಿಗೂ ಆಗೋ ಕೀಲಿಕೈ ನಮ್ಮ ಕಚೇರಿ ಬೀರುವಿನಲ್ಲಿದೆ."

"ಬೀರು ಕೀಲಿಕೈ?"

"ನನ್ನ ಪ್ಯಾಂಟಲ್ಲಿ."

"ಪ್ಯಾಂಟು?"

ಬರ್ತಲಾನ್ ಲಾಕರಿನತ್ತ ನೋಡಿದ.

ತಿಹಾಮೇರ್ ಕೊಳದಲ್ಲಿ ಮೂಗಿನವರೆಗೆ ಮುಳುಗಿ ಕೂತಿದ್ದ. ಆದರೆ ಕೋಣೆ ಕಾಯುವ ಇಲ್ಕಾ ನೇನಿಯ ಕಣ್ಣು ತಪ್ಪಿಸುವುದುಂಟೇ? ನಲವತ್ತು ವರ್ಷದಿಂದ ಊರವರನ್ನು ಬರಿಮೈಯಲ್ಲೇ ನೋಡಿದವಳು, ಬೆನ್ನು ನೋಡಿ ಹೆಸರು ಹೇಳುವವಳು.

"ಅಗೋ, ನಮ್ಮ ಮೇಸ್ತ್ರಿ! ಏನು ಮಗಾ, ಆಮೆ ಹಾಗೆ ಕೂತಿದೀಯ? ಏಳು ಮೇಲೆ!"

"ನಾನು ಕೆಲಸ ಬಿಟ್ಟಿದೀನಿ, ನೇನಿ!"

"ಚಡ್ಡಿ ಒಂದು ಬಿಟ್ಟಿಲ್ವಲ್ಲ, ಏಳು!"

ಎಪ್ಪತ್ತು ಜನ ಅವನ ಕಡೆ ತಿರುಗಿದರು. ಒಬ್ಬರ ಮುಖದಲ್ಲೂ ದಾಕ್ಷಿಣ್ಯವಿರಲಿಲ್ಲ. ತಿಹಾಮೇರ್ ಗಡಿಯಾರ ನೋಡಿದ. ಒಂದು ಗಂಟೆ. ತನ್ನ ಪ್ಯಾಂಟೂ ಒಳಗಿದೆಯಲ್ಲ ಎಂಬುದು ಆಗ ತಲೆಗೆ ಹೊಳೆದು, ಬಿಸಿನೀರಿನಲ್ಲೇ ಮೈ ತಣ್ಣಗಾಯಿತು.

ಮೆಟ್ಟಿಲ ಕೆಳಗೆ ಚಕ್ರವರ್ತಿ ಮುಖವೆಲ್ಲ ನೀಲಿ ಮಾಡಿಕೊಂಡು ಕೂತಿದ್ದ. ತಿಹಾಮೇರ್ ಆರಿಸಿ ಹಾಕಿದ. ಚಕ್ರವರ್ತಿ ಕೆಮ್ಮಿದ, ಗೊರಗುಟ್ಟಿದ, ಎಂಟು ನಿಮಿಷ ಯೋಚಿಸಿ, ಲಾಕರುಗಳಿಗೆ ಮಾತು ಮುಟ್ಟಿಸುವ ನೆಟ್‌ವರ್ಕ್ ಕಾರ್ಡೇ ಕಾಣುತ್ತಿಲ್ಲ ಎಂದ. ಬಾಗಿಲಲ್ಲಿ ಕುತ್ತಿಗೆ ಉದ್ದ ಮಾಡಿ ನಿಂತವರೆಲ್ಲ ಸಲಹೆ ಕೊಡತೊಡಗಿದರು.

"ತಲೆ ಮೇಲೊಂದು ಕೊಡಿ, ಸರಿ ಹೋಗತ್ತೆ. ನಮ್ಮನೆ ಟೀವಿಗೆ ನಾನು ಹಾಗೇ ಮಾಡೋದು."

"ನನ್ನ ಮೊಮ್ಮಗನಿಗಾಗಿದ್ರೆ ಎರಡು ನಿಮಿಷದ ಕೆಲಸ."

"ಎಲ್ಲಿದಾನೆ ನಿಮ್ಮ ಮೊಮ್ಮಗ? ಕರೆಸಿ!" ಎಂದು ತಿಹಾಮೇರ್ ಹಲ್ಲು ಕಡಿದ.

ಡಬ್ಬ ಬಿಚ್ಚಿ ಕಾರ್ಡು ಎಳೆದ. ಕಾಲು ಶತಮಾನದ ಆವಿ ಕುಡಿದು ಅದರ ಹಲ್ಲುಗಳು ಕಪ್ಪಾಗಿದ್ದವು. ರಬ್ಬರಿನಿಂದ ಉಜ್ಜಬೇಕು. ಚಡ್ಡಿಯಲ್ಲಿ ರಬ್ಬರ್ ಇಟ್ಟುಕೊಂಡು ಬರುವವರು ಯಾರು? ಚದುರಂಗದ ನಡೆ ಬರೆಯುವ ಪೆನ್ಸಿಲಿನ ಹಿಂಭಾಗದಲ್ಲಿ ಒಂದು ಸಿಕ್ಕಿತು. "ಆಟ ಅರ್ಧಕ್ಕಿದೆ, ಪೂರ್ತಿ ಸವೆಸಬೇಡಿ!" ಎಂದು ಪೆನ್ಸಿಲಿನವನು ಗೊಣಗಿದ. ಉಜ್ಜಿ ಕೂರಿಸಿದಾಗ ಒಂದೂ ಮುಕ್ಕಾಲು. ಈಗ ಚಕ್ರವರ್ತಿಗೆ ಆ ಕಾರ್ಡಿನ ಡ್ರೈವರ್ ತಂತ್ರಾಂಶವಿರುವ ಫ್ಲಾಪಿ ಬೇಕಂತೆ.

"ಇಲ್ಲೇ ಇಟ್ಟಿದ್ದೆ! ಯಾರು ತೆಗೆದಿದ್ದು?"

"ಆ ಚೌಕದ ಬಿಲ್ಲೆನಾ?" ಎಂದಳು ಇಲ್ಕಾ ನೇನಿ. "ನನ್ನ ಮೇಜು ಕುಂಟ್ತಾ ಇತ್ತು."

ಮೇಜಿನ ಕಾಲ ಕೆಳಗಿಂದ ಫ್ಲಾಪಿ ಬಂತು. ಏನಾಶ್ಚರ್ಯವೋ, ಚಕ್ರವರ್ತಿ ಅದನ್ನು ಓದಿದ. ಕಾರ್ಡಿನ ದೀಪ ಹತ್ತಿತು. ಎಲ್ಲರೂ ಹೋ ಎಂದು ಲಾಕರುಗಳಿಗೆ ಕೈ ಒಡ್ಡಿದರು. ಒಂದೂ ಬಾಯಿ ಬಿಡಲಿಲ್ಲ.

"ಮೋಸ!" ಎಂದು ವೆಂದೆಲ್ ಬಾಚಿ ಒಸಡು ಕಡಿದ.

ಹಾಗಾದರೆ ತಂತಿಯೇ ಹೋಗಿದೆ. ಆ ಕಾಲದ ನೆಟ್‌ವರ್ಕು ಸರಕ್ಕೆ ಮಣಿ ಪೋಣಿಸಿದ ಹಾಗೆ. ಒಂದೇ ತಂತಿ ಗಂಡಸರ ಲಾಕರುಗಳನ್ನು ಹಾದು, ಗೋಡೆ ತೂರಿ, ಹೆಂಗಸರ ಲಾಕರುಗಳ ತುದಿಯಲ್ಲಿ ಒಂದು ಹಿತ್ತಾಳೆ ಮುಚ್ಚಳಕ್ಕೆ ಮುಗಿಯುತ್ತದೆ. ನಡುವೆ ಎಲ್ಲಿ ಕಡಿದರೂ ಇಡೀ ಸರ ಸತ್ತ ಹಾಗೆ. ತಿಹಾಮೇರ್ ಒದ್ದೆ ಬೆಂಚುಗಳ ಮೇಲೆ ಮಂಡಿಯೂರಿ, ಸೊಂಟ ಹಿಡಿದುಕೊಂಡು, ಅಡಿಯಡಿ ತಂತಿ ತಡವುತ್ತ ಹೋದ. ಗೋಡೆಯ ಹತ್ತಿರದ ಕೊಂಡಿ ಹಸಿರು ಹಸಿರಾಗಿ ಕೊಳೆತು ಪುಡಿಯಾಗಿತ್ತು. ಅದರ ಮೇಲೆ ಒಂದು ಚಡ್ಡಿ ನೇತಾಡುತ್ತಿತ್ತು. ನೀಲಿ ಬಣ್ಣದ್ದು, ಲಂಗರಿನ ಚಿತ್ರವಿದ್ದದ್ದು, ಇನ್ನೂ ನೀರಿಳಿಯುತ್ತಿದ್ದದ್ದು.

"ಯಾರದ್ರೀ ಇದು?"

ಮುಖ್ಯಾಧಿಕಾರಿ ಗಂಟಲು ಸರಿಮಾಡಿಕೊಂಡ. "ನಾನು ಎರಡು ತರ್ತೀನಿ. ಒಂದು ಒಣಗ್ಲಿ ಅಂತ..."

"ಎಷ್ಟು ವರ್ಷದಿಂದ?"

"ಆರೇಳು..."

ತಿಹಾಮೇರ್‌ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಟುಕನಾಗಿದ್ದ ವೆಂದೆಲ್ ಬಾಚಿಯೇ ಕಿವಿ ಮುಚ್ಚಿಕೊಂಡ. ಕೊಂಡಿ ಬೇರೆ ಇರಲಿಲ್ಲ. ಅದು ಸಿಗುವುದು ಜಿಲ್ಲಾ ಕೇಂದ್ರದಲ್ಲಿ, ಅದೂ ನಾಳೆ. ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು.

ದಾರಿ ಒಂದಿತ್ತು. ಕೊಳೆತ ಕೊಂಡಿಯ ಈಚೆಗೇ ತಂತಿ ಬಿಚ್ಚಿ ಆ ಹಿತ್ತಾಳೆ ಮುಚ್ಚಳ ಹಾಕಿಬಿಟ್ಟರೆ, ಸರ ಅಲ್ಲಿಗೇ ಮುಗಿಯಿತು ಎಂದು ಚಕ್ರವರ್ತಿ ನಂಬುತ್ತಾನೆ. ಗಂಡಸರ ಲಾಕರು ತೆರೆಯುತ್ತವೆ. ಹೆಂಗಸರವು? ಆಮೇಲೆ ಚಕ್ರವರ್ತಿಯನ್ನು ಹೊತ್ತು ಆ ಕಡೆ ಒಯ್ದು ಕೂರಿಸಿದರೆ ಅವೂ ತೆರೆಯುತ್ತವೆ. ಅದು ಒಂದು ಗಂಟೆಯ ಕೆಲಸ. ಆ ಒಂದು ಗಂಟೆ ತಿಹಾಮೇರ್‌ನ ಹತ್ತಿರ ಇರಲಿಲ್ಲ. ಪ್ಲಾಟ್‌ಫಾರಂ ಮೇಲೆ ಕೂದಲು ಸೆಟ್ ಮಾಡಿಸಿಕೊಂಡು ನಿಂತ ಎಮೆಶೆ ಕಣ್ಣಮುಂದೆ ಬಂದಳು.

"ನೇನಿ, ಆ ಕಡೆ ತುದಿ ಲಾಕರ್ ಹಿಂದೆ ಹಿತ್ತಾಳೆ ಮುಚ್ಚಳ ಇರತ್ತೆ. ಬೇಗ ಬಿಚ್ಚಿ ತನ್ನಿ."

"ಕೊಟ್ರೆ ನಮ್ಮದೂ ತೆಗಿಯತ್ತಾ ಅಂತ ಕೇಳ್ತಾರಲ್ಲಪ್ಪಾ?"

"ಎರಡೇ ನಿಮಿಷ ಅಂತ ಹೇಳಿ," ಎಂದ ತಿಹಾಮೇರ್, ನೆಲ ನೋಡುತ್ತ.

ಇಲ್ಕಾ ನೇನಿ ಹೋದಷ್ಟೇ ಬೇಗ ಬಂದಳು. "ನಾನು ಹುಡುಕ್ತಾನೇ ಇದ್ದೆ. ಯಾರೋ ಒಬ್ಳು ಪುಣ್ಯಾತ್ಗಿತ್ತಿ, ಟವೆಲ್ ಸುತ್ಕೊಂಡೇ ಸ್ಟೂಲ್ ಹತ್ತಿ ಸರಕ್ಕಂತ ಬಿಚ್ಚಿ ಕೊಟ್ಳು. ಎಂಥಾ ಚುರುಕು ಅಂತೀಯ! ಕಟ್ಕೊಂಡೋನು ಪುಣ್ಯ ಮಾಡಿದ್ದ."

"ಕೊಡಿ ಇಲ್ಲಿ!"

ಮುಚ್ಚಳ ಕೂತಿತು. ಕಟಕಟಕಟ ಎಂದು ಗಂಡಸರ ಲಾಕರುಗಳೆಲ್ಲ ಒಟ್ಟಿಗೇ ಬಾಯಿ ತೆರೆದವು. ವೆಂದೆಲ್ ಬಾಚಿ ಹಲ್ಲು ಹಾಕಿಕೊಂಡು, ಆ ದಿನ ಮೊದಲ ಸಲ ನೆಟ್ಟಗೆ ಬೈದ. ತಿಹಾಮೇರ್ ಒದ್ದೆ ಚಡ್ಡಿಯ ಮೇಲೇ ಪ್ಯಾಂಟು ಎಳೆದುಕೊಂಡ.

"ಹೆಂಗಸರ ಕಡೆ?" ಎಂದು ಜೋಂಬೋರ್ ಬಾಗಿಲಿಗೆ ಅಡ್ಡ ನಿಂತ.

"ಮಷೀನು ಬಿಸಿಯಾಗ್ಬೇಕು. ತಾನಾಗೇ ತೆಗಿಯತ್ತೆ."

"ಎಷ್ಟು ಹೊತ್ತಿಗೆ?"

"ನೋಡ್ತಾ ಇರಿ!" ಎಂದು ಅವನ ತೋಳಿನಡಿ ನುಸುಳಿ ಓಡಿದ. ಬೆನ್ನ ಹಿಂದೆ ಗೋಡೆಯಾಚೆಯ ಕೂಗು ಏರುತ್ತಲೇ ಇತ್ತು.

ಮೂರು ಎಂಟಕ್ಕೆ ಪ್ಲಾಟ್‌ಫಾರಂ ಮುಟ್ಟಿದ. ಎಮೆಶೆ ಇಲ್ಲ. ಫೋನು ಹಚ್ಚಿದ. ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಕೋಪ ಮಾಡಿಕೊಂಡು ಆಗಲೇ ಹತ್ತಿ ಕೂತಿದ್ದಾಳೆ, ಸರಿ. ಸೀಟಿ ಕೇಳಿತು. ತಿಹಾಮೇರ್ ಹಾರಿ ಹತ್ತಿದ. ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಪ್ರತಿ ಸೀಟೂ ಇಣುಕಿದ. ಕೂದಲು ಸೆಟ್ ಮಾಡಿಸಿದವರು ಮೂವರಿದ್ದರು, ಅವನವಳು ಮಾತ್ರ ಇರಲಿಲ್ಲ. ಮುಂದಿನ ನಿಲ್ದಾಣಕ್ಕೆ ನಲವತ್ತು ನಿಮಿಷ. ಅಷ್ಟರಲ್ಲಿ ಫೋನು ಬಡಿಯಿತು. ಇಲ್ಕಾ ನೇನಿಯ ನಂಬರು. ಬೈಗುಳಕ್ಕೆ ಸಿದ್ಧನಾಗಿ ಎತ್ತಿದ.

"ನಾನು ಕಣೋ," ಎಂದಳು ಎಮೆಶೆ. "ಎಲ್ಲಿದೀಯ?"

"ಟ್ರೇನಲ್ಲಿ. ನೀನೆಲ್ಲಿ?"

"ಟವೆಲ್‌ನಲ್ಲಿ!" ದನಿ ಅಳುವಿಗೂ ಸಿಟ್ಟಿಗೂ ನಡುವೆ ಇತ್ತು. "ತಪ್ಪಾಯ್ತು ಮಾರಾಯ. ಖಾನೇಲಿ ಪಾಸ್ ಇತ್ತು, ಬೈತೀಯ ಅಂತ ಹೇಳ್ದೆ ಬಂದೆ. ಇಲ್ಲಿ ಲಾಕರ್ ಕೆಟ್ಟು, ಯಾವನೋ ಹೊಸ ಮೇಸ್ತ್ರಿ ಬಂದಿದ್ನಂತೆ. ಹಾಳಾದೋನು ಗಂಡಸರ ಕಡೆ ಮಾತ್ರ ಸರಿ ಮಾಡಿ ಓಡೋಗಿದಾನೆ! ಆ ಮುಚ್ಚಳಾನ ನಾನೇ ಕೈಯಾರೆ ಬಿಚ್ಚಿ ಕೊಟ್ಟೆ ಕಣೋ. ನೀನು ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ ಹೇಳ್ತಿದ್ಯಲ್ಲ, ಎಲ್ಲಿರತ್ತೆ ಅಂತ ಗೊತ್ತಿತ್ತು. ನೀನಾಗಿದ್ರೆ ಹೀಗೆ ಮಾಡ್ತಿದ್ಯಾ?"

"ಇ... ಇಲ್ಲ."

"ಅದೇ ನಾನೂ ಎಲ್ರಿಗೂ ಹೇಳ್ದೆ. ನನ್ನ ಗಂಡ ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ದಿನ ಅರ್ಧಕ್ಕೆ ಬಿಟ್ಟು ಬಂದೋನಲ್ಲ ಅಂತ. ಆ ಕಳ್ಳ ಯಾರು ಅಂತ ಗೊತ್ತಾಗ್ಲಿ. ಎಂಬತ್ತು ಜನ ಟವೆಲ್‌ನಲ್ಲೇ ಅವನ ಮನೆ ಬಾಗ್ಲಿಗೆ ಹೋಗೋದು ಅಂತ ತೀರ್ಮಾನ ಆಗಿದೆ. ಇರು, ಡೈರೆಕ್ಟ್ರು ಬಾಗ್ಲ ಹತ್ರ ಇದಾರೆ, ಹೆಸರು ಕೇಳ್ಕೊಂಡು ಬರ್ತೀನಿ."

"ಎಮೆಶೆ, ಬೇಡ, ಕೇಳಿಲ್ಲಿ..."

ಫೋನನ್ನು ಬೆಂಚಿನ ಮೇಲಿಟ್ಟ ಸದ್ದು. ಒದ್ದೆ ಚಪ್ಪಲಿಗಳು ಪಟಪಟ ದೂರ ಹೋದವು. ದೂರದಲ್ಲಿ ಅವಳ ಪ್ರಶ್ನೆ, ಜೋಂಬೋರನ ಸಣ್ಣ ದನಿಯ ಉತ್ತರ. ಆಮೇಲೆ ಎಂಬತ್ತು ಹೆಂಗಸರ ಗದ್ದಲ ಒಮ್ಮೆಗೇ ನಿಂತುಹೋಯಿತು.

"ಟಿಕೆಟ್?" ಎಂದು ಟ್ರೇನಿನ ಕಂಡಕ್ಟರ್ ಎದುರು ನಿಂತ. ತಿಹಾಮೇರ್ ಜೇಬಿನಿಂದ ಎರಡನ್ನೂ ತೆಗೆದುಕೊಟ್ಟ.

"ಎರಡಿದೆಯಲ್ಲ. ಇನ್ನೊಬ್ರು ಎಲ್ಲಿ?"

ಫೋನಿನೊಳಗೆ ಒದ್ದೆ ಚಪ್ಪಲಿಗಳು ಒಂದೊಂದೇ ಹೆಜ್ಜೆಯಿಟ್ಟು ಹತ್ತಿರವಾಗುತ್ತಿದ್ದವು.

"ಬರ್ತಾ ಇದಾರೆ," ಎಂದ ತಿಹಾಮೇರ್.