ಅಪೀಲಿನಲ್ಲಿ ಗೆದ್ದು ಬಂದವರು

ಕೊಲೆ ಕೇಸಿನಲ್ಲಿ ನಗುವಂಥದ್ದು ಏನಿರುತ್ತೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಇರಬಾರದು, ಒಪ್ಪಿದೆ. ಆದರೆ ನಾಲ್ಕೈದು ಜನರನ್ನು ಒಟ್ಟಿಗೆ ಆರೋಪಿ ಮಾಡಿದರೆ ಅವರ ಹಿಂದೆ ತಾಯಿ, ಹೆಂಡತಿ, ಹಳೇ ಜಗಳ ಎಲ್ಲವೂ ಕೋರ್ಟಿಗೆ ಬರುತ್ತವೆ. ಆಮೇಲೆ ಏನಾದರೊಂದು ಆಗದೇ ಇರುವುದಿಲ್ಲ.

ಅರವತ್ತರ ದಶಕದಲ್ಲಿ ನಾನು ಸಾಗರದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್. ಶಿವಮೊಗ್ಗದ ಸೆಷನ್ಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟರೆ ಜನ ನಮ್ಮ ಹಿರಿಯರ ಜಗಲಿಗೆ ಬರುತ್ತಿದ್ದರು. ನಾವಿಬ್ಬರೂ ಕಡತ ಕಟ್ಟಿಕೊಂಡು ಬೆಂಗಳೂರಿನ ಹೈಕೋರ್ಟಿಗೆ ಹೊರಡುತ್ತಿದ್ದೆವು.

ಯಾರ ಕೇಸು?

ಆನಂದಪುರದ ಕಡೆಯ ಕೇಸು. ಆರೋಪಿಗಳು ಐದು ಜನ, ಮೂರನೆಯವನು ತಿಮ್ಮಪ್ಪ. ಅವನ ತಾಯಿ ಹಟ ಹಿಡಿದು ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದರು. ಬೆಳಗಿನಿಂದ ಹಿಂದಿನ ಬೆಂಚಿನಲ್ಲಿ ಕೂತು ಇಂಗ್ಲಿಷ್ ವಾದವನ್ನು ಕಣ್ಣು ಮಿಟುಕಿಸದೆ ಕೇಳಿದರು. ಮಧ್ಯಾಹ್ನ ಊಟಕ್ಕೆ ಎದ್ದಾಗ ನಮ್ಮ ಹಿರಿಯರ ಹತ್ತಿರ ಬಂದು, "ವಕೀಲ್ರೇ, ನೀವು ಚೆನ್ನಾಗಿಯೇ ಮಾತಾಡಿದ್ರಿ. ಆದ್ರೆ ಅದು ಬೇರೆ ಯಾರದ್ದೋ ಕೇಸು. ನಮ್ಮ ಹುಡುಗನ ಹೆಸರು ಒಂದ್ಸಲನೂ ಬರ್ಲಿಲ್ಲ" ಎಂದರು.

"ಇಲ್ಲಿ ಹೆಸರು ಹೇಳೋದಿಲ್ಲಮ್ಮ. ನಿಮ್ಮ ಮಗ ಮೂರನೇ ಆರೋಪಿ."

"ತೊಟ್ಟಿಲಿಗೆ ಹಾಕಿ ಹೆಸರಿಟ್ಟಿದ್ದು ನಾನು. ನಂಬರ್ ಹಾಕೋಕೆ ಇವ್ರು ಯಾರು?"

ಆಕೆಯ ಕಣ್ಣಲ್ಲಿ ನೀರಿತ್ತು. ಊಟದ ನಂತರ ಹಿರಿಯರು ಎದ್ದು ನಿಂತವರೇ ಮೊದಲ ವಾಕ್ಯದಲ್ಲೇ ಗಟ್ಟಿಯಾಗಿ "ತಿಮ್ಮಪ್ಪ" ಎಂದರು. ಹಿಂದಿನ ಬೆಂಚಿನಲ್ಲಿ ತಾಯಿಯ ಮುಖ ಅರಳಿತು. ತಿಮ್ಮಪ್ಪ ಬಿಡುಗಡೆಯಾಗಿದ್ದು ಆಮೇಲಿನ ಮಾತು. ಆ ಗಳಿಗೆಯಲ್ಲಿ ಮಾತ್ರ ನ್ಯಾಯಮೂರ್ತಿಗಳು ಕಡತದಿಂದ ತಲೆಯೆತ್ತಿ ಕೇಳಿದರು: "ಇವನ್ಯಾರು ಹೊಸಬ? ಈ ಕೇಸಿಗೂ ಇವನಿಗೂ ಏನು ಸಂಬಂಧ?"

ಬಸಳೆ ಚಪ್ಪರ

ತೀರ್ಥಹಳ್ಳಿಯ ಮೂವರಿಗೆ ಅಪೀಲಿನಲ್ಲಿ ಬಿಡುಗಡೆಯಾಯಿತು. ಆದೇಶ ಜೈಲಿಗೆ ತಲುಪಿತು, ಇಬ್ಬರು ಹೊರಗೆ ಬಂದರು, ಮೂರನೆಯವನು ಬರಲಿಲ್ಲ. ಗೇಟಿನ ಬಳಿ ಅವನ ಹೆಂಡತಿ ಗಾಬರಿಯಾದಳು. ವಿಚಾರಿಸಲು ನಾನು ಒಳಗೆ ಹೋದೆ. ಆಸಾಮಿ ಜೈಲಿನ ಅಂಗಳದಲ್ಲಿ ತಾನೇ ನೆಟ್ಟ ಬಸಳೆ ಚಪ್ಪರದ ಕೆಳಗೆ ನಿಂತು ಜೈಲರಿಗೆ ಪಾಠ ಹೇಳುತ್ತಿದ್ದ. "ಬುಡಕ್ಕೆ ನೀರು ಹಾಕ್ಸಿ ಸ್ವಾಮಿ. ತುದಿ ಚಿವುಟ್ತಾ ಇರ್ಬೇಕು, ಇಲ್ಲಾಂದ್ರೆ ಹಬ್ಬೋದಿಲ್ಲ."

ಜೈಲರು ಅವನನ್ನು ಗೇಟಿನವರೆಗೂ ಕರೆತಂದು, "ನಿಮ್ಮ ಯಜಮಾನ್ರು ಒಳ್ಳೇ ಕೆಲಸಗಾರ ಕಣಮ್ಮ" ಎಂದು ಹೊಗಳಿದರು. ಆಕೆ ಗಂಡನನ್ನು ಮೇಲಿಂದ ಕೆಳಗೆ ನೋಡಿ ಜೈಲರ ಕಡೆ ತಿರುಗಿದಳು.

"ಮನೇಲಿ ಒಂದು ಗಿಡಕ್ಕೂ ನೀರು ಹಾಕಿದವ್ರಲ್ಲ. ಇಷ್ಟೆಲ್ಲ ಕಲಿಸಿದ್ದೀರಿ, ಅಡುಗೆನೂ ಒಂಚೂರು ಕಲಿಸಿ ಕಳಿಸ್ಬಹುದಿತ್ತು."

ಮಾತಿಲ್ಲ

ಹೊಸನಗರದ ಕಡೆಯ ಇಬ್ಬರು ದಾಯಾದಿಗಳು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರೂ ಸಂಚು ಮಾಡಿ ಕೊಂದರೆಂದು ಶಿಕ್ಷೆಯಾಗಿತ್ತು. ಕೊಲೆಯ ಹಿಂದಿನ ಸಂಜೆ ಇವರು ಒಟ್ಟಿಗೆ ಕೂತು ಪಿಸುಗುಟ್ಟಿದ್ದನ್ನು ಕಂಡೆ ಎಂದು ಒಬ್ಬ ಸಾಕ್ಷಿ ಹೇಳಿದ್ದ. ಅಪೀಲಿನ ಮಾತಿಗೆಂದು ನಾವು ಜೈಲಿಗೆ ಹೋದರೆ ಇಬ್ಬರೂ ಒಂದೊಂದು ಗೋಡೆಗೆ ಮುಖ ಮಾಡಿ ಕೂತಿದ್ದರು.

"ನಿಮ್ಮ ತಮ್ಮ ಏನಂತಾನೆ?" ಎಂದು ಹಿರಿಯರು ಅಣ್ಣನನ್ನು ಕೇಳಿದರು.

"ಅವನನ್ನೇ ಕೇಳಿ. ನಮ್ಮೊಳಗೆ ಮಾತಿಲ್ಲ."

ಕೊಲೆಗೆ ಬಹಳ ಮೊದಲೇ, ಉಳುಮೆಗೆಂದು ಅಣ್ಣ ತಮ್ಮನಿಗೆ ಕೊಟ್ಟ ಕೋಣ ಕುಂಟುತ್ತಾ ವಾಪಸು ಬಂದಿತ್ತಂತೆ. ಅಂದಿನಿಂದ ಮಾತು ಬಿಟ್ಟವರು ಜೈಲಿನಲ್ಲೂ ಆಡಿರಲಿಲ್ಲ. ಸರ್ಕಾರದ ಕಡೆಯ ಸಾಕ್ಷಿಗಳೇ ಪಾಟೀಸವಾಲಿನಲ್ಲಿ ಇದನ್ನು ಒಪ್ಪಿದ್ದರು, ಕೆಳಗಿನ ಕೋರ್ಟು ಗಮನಿಸಿರಲಿಲ್ಲ. ಹಿರಿಯರು ಅದನ್ನೇ ಹಿಡಿದು ವಾದ ಮಾಡಿದರು: ಮಾತೇ ಇಲ್ಲದವರು ಪಿಸುಗುಟ್ಟುವುದು ಹೇಗೆ, ಸಂಚು ಮಾಡುವುದು ಹೇಗೆ? ಸಾಕ್ಷಿ ಸುಳ್ಳೆಂದು ಇಬ್ಬರಿಗೂ ಬಿಡುಗಡೆಯಾಯಿತು.

ಹೊರಗೆ ಬಂದ ದಿನ ಇಬ್ಬರನ್ನೂ ಹೋಟೆಲಿಗೆ ಕರೆದೊಯ್ದೆವು. ಅಣ್ಣ ತಿಂಡಿ ಮುಗಿಸಿ, "ಬಸ್ಸಿಗೆ ಹೊತ್ತಾಯ್ತು, ಅವನಿಗೆ ಹೇಳಿ" ಎಂದು ನನಗೆ ಹೇಳಿದ.

ಹಿರಿಯರಿಗೆ ರೇಗಿತು. "ಜೀವಾವಧಿಯಿಂದ ಪಾರಾಗಿ ಬಂದಿದ್ದೀರಿ. ಇನ್ನಾದ್ರೂ ಮಾತಾಡ್ರೋ ಮಾರಾಯ್ರಾ."

ಅಣ್ಣ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಮಾತಿಲ್ಲ ಅಂತಲೇ ಅಲ್ವಾ ಅಯ್ಯಾ, ಜಡ್ಜ್ ಸಾಹೇಬ್ರು ಬಿಟ್ಟಿದ್ದು? ಈಗ ಮಾತಾಡಿದ್ರೆ ಮತ್ತೆ ಒಳಗೆ ಹಾಕೋದಿಲ್ವಾ?"

ತಮ್ಮ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಅವನು ಹೇಳಿದ್ದು ಸರಿ ಅಂತ ಅವನಿಗೆ ಹೇಳಿ."