ಸತ್ತ ಇಲಿಯ ಹೂವು

ಬೆಳಗ್ಗೆ ಏಳೂಕಾಲಿಗೆ ನಮ್ಮ ಲಾಡ್ಜಿನಲ್ಲಿ ಏನೋ ಸತ್ತ ವಾಸನೆ ಬಂತು. ಅಲ್ಲಿಯವರೆಗೂ ನಾನು ಗಂಡಸರ ಹವ್ಯಾಸಗಳ ವಿಷಯದಲ್ಲಿ ಬಹಳ ಉದಾರಿ. ನಮ್ಮವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಗಿಡ ಸಾಕುತ್ತಾರೆ ಅಷ್ಟೆ ಎಂದು ತವರಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಗಿಡ ಸಾಕುವವರ ಹೆಂಡತಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನನ್ನು ಯಾರೂ ಎಚ್ಚರಿಸಿರಲಿಲ್ಲ.

ಶೃಂಗೇರಿಯಲ್ಲಿ ನಮ್ಮದೊಂದು ಸಣ್ಣ ಲಾಡ್ಜು. ಕೆಳಗೊಂದು, ಮೇಲೊಂದು ಅಂತಸ್ತು. ನಡುವೆ ಬೆಳಕಿಗೆಂದು ಬಿಟ್ಟ ಚೌಕ. ಅದರ ನೆತ್ತಿಗೆ ಕಬ್ಬಿಣದ ಪೈಪು ಹಾಯಿಸಿ ಮೇಲೆ ಹೊದಿಸಿದ ಫೈಬರ್ ಶೀಟು. ಊರಿನವರು ಜಗಲಿಗೆ ನಮ್ಮ ಕಾಡಿನದೇ ಆರ್ಕಿಡ್ಡಾದ ಸೀತಾಳೆ ದಂಡೆ ತೂಗುಹಾಕಿ, ವರ್ಷಕ್ಕೊಮ್ಮೆ ಅದರ ಹೂ ನೋಡಿ ಸುಖವಾಗಿರುತ್ತಾರೆ. ನಮ್ಮವರಿಗೆ ಅಂಥ ಸುಲಭದ ಸುಖ ಒಗ್ಗುವುದಿಲ್ಲ. ಬಸರೀಕಟ್ಟೆಯ ಗೆಳೆಯರೊಬ್ಬರಿಂದ ನ್ಯೂಗಿನಿ ಕಾಡಿನ ಬಲ್ಬೊಫಿಲಮ್ ಎಂಬ ಆರ್ಕಿಡ್ ತಂದರು. "ಇದಕ್ಕೆ ಮಣ್ಣೇ ಬೇಡ ಮಾರಾಯ, ಕಾಲಡಿ ಎಂತ ಇಲ್ದಿದ್ರೂ ಗಾಳೀಲಿ ನೇತಾಡ್ಕೊಂಡೇ ಬದುಕ್ತದೆ" ಎಂದು ಆ ಪುಣ್ಯಾತ್ಮರು ಹೇಳಿಕೊಟ್ಟರಂತೆ. ಈ ಮಾತನ್ನು ನಮ್ಮವರು ಸ್ವಂತಕ್ಕೂ ಅನ್ವಯಿಸಿಕೊಳ್ಳುತ್ತಾರೆಂದು ನನಗೇನು ಗೊತ್ತು!

ಮರದ ತುಂಡಿಗೆ ಪಾಚಿ ಸುತ್ತಿ, ಗಿಡ ಕಟ್ಟಿ, ಚೌಕದ ಪೈಪಿಗೆ ನೇತುಹಾಕಿದ್ದಾಯಿತು. ಬಿಸಿಲು ತಾಗಬಾರದು, ಬೆಳಕು ತಪ್ಪಬಾರದು. ಬೇರು ಒಣಗಬಾರದು, ನೀರೂ ನಿಲ್ಲಬಾರದು. ಗಿರಾಕಿಗಳಿಗೆ ನಲ್ಲಿ ನೀರು, ಅದಕ್ಕೆ ಹಿಡಿದಿಟ್ಟ ಮಳೆನೀರು. ಅಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಗಿಡ ಎತ್ತಿನ ನಾಲಿಗೆಯಂಥ ಎಲೆಗಳನ್ನು ಮಾರುದ್ದ ಇಳಿಬಿಟ್ಟು ವರ್ಷಗಟ್ಟಲೆ ನಮ್ಮನ್ನು ಅಣಕಿಸಿತೇ ಹೊರತು ಒಂದು ಹೂ ಬಿಡಲಿಲ್ಲ. "ಕೊಪ್ಪದ ಕಾಲೇಜಲ್ಲಿ ಸಸ್ಯಶಾಸ್ತ್ರ ಓದಿದೀಯಲ್ಲ ಸುಮಾ, ಯಾವಾಗ ಹೂ ಬಿಡ್ತದೆ ಹೇಳು" ಎನ್ನುತ್ತಿದ್ದರು. ಪರೀಕ್ಷೆಗೆ ಬರದಿದ್ದನ್ನು ನಾನು ಓದಿದವಳಲ್ಲ.

ಇರಲಿ, ವಾಸನೆಗೆ ಬರುತ್ತೇನೆ. ಅಂದು ಮೊಮ್ಮಗಳ ಅಕ್ಷರಾಭ್ಯಾಸಕ್ಕೆಂದು ಹಾಸನದಿಂದ ಒಂದು ಕುಟುಂಬ ಬಂದಿತ್ತು. ಅವರ ಅಜ್ಜಿ ಮಡಿಯುಟ್ಟು, "ಯಾರೂ ಹತ್ರ ಬರ್ಬೇಡಿ" ಎನ್ನುತ್ತ ಚೌಕಕ್ಕೆ ಇಳಿದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏನಮ್ಮಾ ಇದು, ಶಾರದೆ ದರ್ಶನಕ್ಕೆ ಹೊರಟವರಿಗೆ ಹೆಣದ ವಾಸನೆ ಕುಡಿಸ್ತೀರಲ್ಲ?"

ನಾನು ಧೂಪ ಹಾಕಿದೆ. ಧೂಪ ಹಾಕಿದ ಹೆಣದ ವಾಸನೆ ಬಂತು. ಮಂಚದಡಿ, ಗೋಡೌನು, ಮೋರಿ ಎಲ್ಲ ಹುಡುಕಿದ ಮೇಲೆ ನಮ್ಮವರು ತೀರ್ಪು ಕೊಟ್ಟರು: "ಶೀಟಿನ ಮೇಲೆ ಬೆಕ್ಕು ಇಲಿ ಬಿಟ್ಟು ಹೋಗಿದೆ." ತಾರಸಿಗೆ ಹತ್ತಿ, ಶೀಟಿನ ಮೇಲೆ ಅಂಬೆಗಾಲಿಟ್ಟರು. "ಬೇಡ ಅಂದ್ರೆ" ಎಂದು ನಾನು ಕೆಳಗಿನಿಂದ ಕೂಗಿದೆ. "ಎಂತ ಆಗಲ್ಲ ಮಾರಾಯ್ತಿ" ಎಂಬ ಉತ್ತರದ ಹಿಂದೆಯೇ ಚಟ್ ಎಂದಿತು.

ಶೀಟಿನ ಚೂರುಗಳು ನನ್ನ ಮುಂದೆ ಬಿದ್ದವು. ಗಂಡ ಬೀಳಲಿಲ್ಲ. ಎರಡಂತಸ್ತಿನ ಮೇಲೆ ಪೈಪಿಗೆ ಜೋತುಬಿದ್ದು ಕಾಲು ಬಡಿಯುತ್ತಿದ್ದರು. ಪಕ್ಕದಲ್ಲಿ ಆರ್ಕಿಡ್ ನಿಶ್ಚಿಂತೆಯಿಂದ ತೂಗಾಡುತ್ತಿತ್ತು. ಮೇಲಿನಿಂದ ಸ್ವರ ಬಂತು.

"ಸುಮಾ! ಹೂ ಬಿಟ್ಟಿದೆ ಕಣೇ! ಎಲೆ ಹಿಂದೆ! ವಾಸನೆ ಇದರದ್ದೇ!"

ಸಾಯುವ ಮನುಷ್ಯನ ಕೊನೆಯ ಮಾತು ಹೀಗಿರಬಹುದೆಂದು ನಾನು ಎಣಿಸಿರಲಿಲ್ಲ. ಆಗ ಓಡಿದವರು ಮಡಿ ಅಜ್ಜಿ. ಊರೂರಿನವರೆಲ್ಲ ಮಲಗೆದ್ದ ಲಾಡ್ಜಿನ ಹಾಸಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದು ತಂದು, "ಏನು ನೋಡ್ತಾ ನಿಂತಿದೀಯೇ, ಹಾಸು!" ಎಂದು ಗದರಿಸಿದರು. ರೂಮು ರೂಮಿನಿಂದ ಹಾಸಿಗೆಗಳು ಬಂದು ರಾಶಿಯಾದವು. "ಗಿಡ ಮೊದಲು ಇಳಿಸ್ಕೊಳ್ಳಿ" ಎಂದು ನಮ್ಮವರು ಶುರು ಮಾಡುವಷ್ಟರಲ್ಲಿ ಕೈ ಜಾರಿತು.

ಹಿಮ್ಮಡಿ ಮುರಿಯಿತು, ಜೀವ ಉಳಿಯಿತು. ಅಜ್ಜಿ ಬೈಯುತ್ತಲೇ ಮತ್ತೆ ಸ್ನಾನಕ್ಕೆ ಹೋದರು. ಪ್ಲಾಸ್ಟರ್ ಹಾಕಿಸಿಕೊಂಡ ನಮ್ಮವರು ಅಂದಿನಿಂದಲೇ ಗೊರಕೆ ಹೊಡೆದರು. ನನಗೋ ಕಣ್ಣು ಮುಚ್ಚಿದರೆ ಚಟ್ ಎನ್ನುವ ಸದ್ದು, ಗಾಳಿಯಲ್ಲಿ ಬಡಿಯುವ ಎರಡು ಕಾಲು. ಶೀಟು ಬದಲಾಯಿತು, ಕೆಳಗೆ ಬಲೆಯೂ ಬಂತು, ಸದ್ದು ಹೋಗಲಿಲ್ಲ. ಅದರ ಮೇಲೆ ಗಿಡಕ್ಕೆ ಮಳೆನೀರು ಸಿಂಪಡಿಸುವ ಸೇವೆ ನನ್ನ ಪಾಲಿಗೆ. ಒಣಗಿಸಿ ಕೊಲ್ಲೋಣವೆಂದು ಪ್ರತಿದಿನ ನಿಶ್ಚಯಿಸುತ್ತಿದ್ದೆ, ಸಿಂಪಡಿಸಿ ಬರುತ್ತಿದ್ದೆ.

ನಮ್ಮವರು ಕೋಲೂರಿ ನಡೆಯತೊಡಗಿದ ಮೇಲೆ ಒಂದು ದಿನ ಎಲೆಯ ಹಿಂದೆ ಮತ್ತೆ ಕೆಂಪು ಮೊಗ್ಗಿನ ಗೊಂಚಲು ಕಂಡಿತು. ಇವರು ನೋಡಿದರೆ ಮತ್ತೆ ಹತ್ತುವವರೇ. ಮಹಡಿಯ ಕಂಬಿಯ ಈಚೆ ನೆಲದ ಮೇಲೆ ನಿಂತು, ಹಣ್ಣು ಕೀಳುವ ದೋಟಿಯಿಂದ ಗಿಡ ಇಳಿಸಿ, ನಮ್ಮ ಮಲಗುವ ಕೋಣೆಯ ಕಿಟಕಿಗೆ, ಸೊಂಟದ ಎತ್ತರಕ್ಕೆ ಕಟ್ಟಿದೆ.

ಹೂ ಅರಳಿದ ದಿನ ಕೋಣೆಯ ತುಂಬ ಸತ್ತ ಇಲಿ. "ಹೊರಗೆ ಹಾಕೇ ಇದನ್ನ, ಉಸಿರು ಕಟ್ತದೆ" ಎಂದರು ಅದೇ ನಮ್ಮವರು.

"ಹೂ ಬಿಟ್ಟಿದೆ ಕಣ್ರೀ" ಎಂದೆ ನಾನು.

ಮೂಗು ಹಿಡಿದು, ದಿಂಬೆತ್ತಿಕೊಂಡು ಕೆಳಗಿನ ಖಾಲಿ ರೂಮಿಗೆ ಹೋದರು. ಹೋಗುವಾಗ ಎರಡೂ ಕಾಲು ನೆಲದ ಮೇಲಿದ್ದದ್ದನ್ನು ನೋಡಿ ದೀಪ ಆರಿಸಿದೆ. ಆ ದುರ್ನಾತದ ಪಕ್ಕ, ಬೆಳಗಾಗುವವರೆಗೆ, ಒಮ್ಮೆಯೂ ಎಚ್ಚರವಾಗದೆ ನಿದ್ದೆ ಹೊಡೆದೆ.